ಕಳ್ಳರ ಅಲಾರಂ: ಕಿಟ್ ಆಮೇಲೆ ತರಿಸಿ, ಮೊದಲು ಮನೆಗೊಂದು ಸುತ್ತು ಬನ್ನಿ

ಸಂಪಾದಕರಿಗೆ ನಮಸ್ಕಾರ.

ರಜೆ, ಹಬ್ಬ, ಮದುವೆ ಸೀಸನ್ ಬಂತೆಂದರೆ ಪತ್ರಿಕೆಯಲ್ಲಿ ಪೊಲೀಸರ ಸೂಚನೆ ಬರುತ್ತದೆ. ಮನೆಗೆ ಬೀಗ ಹಾಕಿ ಹೋಗುವವರು ಠಾಣೆಗೆ ತಿಳಿಸಿ, ಸಿಸಿ ಕ್ಯಾಮೆರಾ ಹಾಕಿಸಿ, ಅಲಾರಂ ಇಡಿ. ಒಳ್ಳೆಯ ಮಾತೇ. ಆದರೆ ಯಾವ ಅಲಾರಂ, ಎಲ್ಲಿ ಇಡಬೇಕು, ನಮ್ಮ ಕರಾವಳಿಯ ಮನೆಗೆ ಯಾವುದು ಹೊಂದುತ್ತದೆ ಅಂತ ಯಾರೂ ಹೇಳುವುದಿಲ್ಲ. ಜನ ಎಂತ ಮಾಡುತ್ತಾರೆ? ಮೊಬೈಲಿನಲ್ಲಿ ಹುಡುಕಿ, ಸ್ಟಾರ್ ಜಾಸ್ತಿ ಇರುವ ಒಂದು ಕಿಟ್ ತರಿಸುತ್ತಾರೆ. ಎರಡು ಬಾಗಿಲಿಗೆ ಅಂಟಿಸುತ್ತಾರೆ, ಆ್ಯಪ್ ಹಾಕಿಕೊಳ್ಳುತ್ತಾರೆ, ಇನ್ನು ಹೆದರಿಕೆ ಇಲ್ಲ ಅಂತ ಮುಂಬೈ ಬಸ್ಸು ಹತ್ತುತ್ತಾರೆ.

ನಾನು ಎಲೆಕ್ಟ್ರಿಷಿಯನ್ ಅಲ್ಲ, ಅಲಾರಂ ಮಾರುವವನೂ ಅಲ್ಲ. ಉಡುಪಿ ಕಡೆಯ ಪ್ರತಿ ಊರಿನಲ್ಲೂ ಒಬ್ಬ ಇರುತ್ತಾನೆ ನೋಡಿ, ಮುಂಬೈ, ದುಬೈಯಲ್ಲಿರುವ ನೆಂಟರಿಷ್ಟರ ಮನೆಗಳ ಬೀಗದ ಕೈಯೆಲ್ಲ ಅವನ ಮನೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ, ವಾರಕ್ಕೊಮ್ಮೆ ಹೋಗಿ ಬಾಗಿಲು ತೆಗೆದು ದೀಪ ಹಾಕಿ ಬರುವುದು, ಕರೆಂಟ್ ಬಿಲ್ ಕಟ್ಟುವುದು, ತೆಂಗಿನಕಾಯಿ ಕೊಯ್ಯಿಸುವುದು ಎಲ್ಲ ಅವನ ತಲೆಗೇ. ನಮ್ಮ ಊರಿನಲ್ಲಿ ಆ ಕೆಲಸ ನನ್ನದು. ಹಾಗಾಗಿ ಈ ಮನೆಗಳಲ್ಲಿ ಅಲಾರಂ ಕೂರಿಸಿದ್ದು, ಅದು ಮಧ್ಯರಾತ್ರಿ ಕೂಗಿದರೆ ಟಾರ್ಚ್ ಹಿಡಿದು ಓಡಿದ್ದು ಎಲ್ಲ ನಾನೇ. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ. ಸ್ವಲ್ಪ ಉದ್ದ ಆದೀತು, ಬೇಕಾದರೆ ಕತ್ತರಿಸಿ.

ಅಲಾರಂ ತರುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ. ಇದು ಬೊಬ್ಬೆ ಹೊಡೆದರೆ ಯಾರಿಗೆ ಕೇಳುತ್ತದೆ, ಕೇಳಿದವರಲ್ಲಿ ಯಾರು ಬರುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಐದು ಸಾವಿರದ ಕಿಟ್ಟೂ ಒಂದೇ, ಐವತ್ತು ಸಾವಿರದ್ದೂ ಒಂದೇ.

ಶಿರ್ವದ ಹತ್ತಿರ ನನ್ನ ದೊಡ್ಡಮ್ಮನ ಮನೆ. ಅಲ್ಲಿ ಅಲಾರಂ ಕೂರಿಸಿದ ಸಂಜೆ ಪರೀಕ್ಷೆಗೆಂದು ಸೈರನ್ ಬಾರಿಸಿದೆ. ಡಬ್ಬದ ಮೇಲೆ 110 ಡೆಸಿಬೆಲ್ ಅಂತ ಬರೆದಿತ್ತು, ಕಿವಿ ತೂತಾಗುವ ಹಾಗೆ ಕೂಗಿತು ಕೂಡ. ತೋಟದ ಆಚೆಯ ಮನೆಯವರು ಜಗಲಿಗೆ ಬಂದು ನಿಂತರು. ರಸ್ತೆಯ ಕಡೆ ಒಮ್ಮೆ ನೋಡಿದರು. ಒಳಗೆ ಹೋದರು. ಆಮೇಲೆ ಕೇಳಿದರೆ, "ಯಾರದ್ದೋ ಕಾರು ಕೂಗಿದ್ದು ಅಂತ ಗ್ರಹಿಸಿದೆವು ಮಾರಾಯ್ರೆ" ಎಂದರು. ಅವರದ್ದೇನೂ ತಪ್ಪಿಲ್ಲ. ಆ ಶಬ್ದ ಯಾವುದರದ್ದು ಅಂತ ಮೊದಲೇ ಗೊತ್ತಿದ್ದರೆ ತಾನೆ ಬರುವುದು?

ಡೆಸಿಬೆಲ್ ಲೆಕ್ಕವೂ ಒಂದು ಉಂಟು, ಅಂಗಡಿಯವರು ಹೇಳುವುದಿಲ್ಲ. ಡಬ್ಬದ ಮೇಲಿರುವ ಅಂಕೆ ಸಾಮಾನ್ಯವಾಗಿ ಸೈರನ್‌ನಿಂದ 1 ಮೀಟರ್ ದೂರದಲ್ಲಿ ಅಳೆದದ್ದು, ಕೆಲವರು ಅದಕ್ಕಿಂತ ಹತ್ತಿರ ಅಳೆದು ಅಂಕೆ ಏರಿಸುವುದೂ ಉಂಟು. ದೂರ ಇಮ್ಮಡಿ ಆದ ಹಾಗೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. 1 ಮೀಟರ್‌ನಲ್ಲಿ 110 ಇದ್ದದ್ದು 100 ಮೀಟರ್‌ಗೆ ಹೋಗುವಾಗ ಬಯಲಿನಲ್ಲೂ 70ಕ್ಕೆ ಇಳಿದಿರುತ್ತದೆ. ಇದು ಏನೂ ಅಡ್ಡ ಇಲ್ಲದಿದ್ದರೆ. ಸೈರನ್ನನ್ನು ಮನೆಯ ಚಾವಡಿಯ ಒಳಗೆ ಇಟ್ಟು, ಕೆಂಪುಕಲ್ಲಿನ ದಪ್ಪ ಗೋಡೆ ದಾಟಿ, ಅಡಿಕೆ ತೋಟ ದಾಟಿ, ಜುಲೈ ತಿಂಗಳ ಮಳೆ ಹಂಚಿನ ಮೇಲೆ ಬಡಿಯುವಾಗ ಪಕ್ಕದ ಮನೆಯಲ್ಲಿ ಮಲಗಿದವರಿಗೆ ಕೇಳುವುದೆಂತ? ಫ್ಯಾನಿನ ಶಬ್ದವೇ ಜಾಸ್ತಿ ಇರುತ್ತದೆ.

ಅದಕ್ಕೆ ನನ್ನ ಪ್ರಕಾರ ಸೈರನ್ ಎರಡು ಬೇಕು. ಒಂದು ಒಳಗೆ, ಕಳ್ಳನ ತಲೆ ಕೆಡಿಸಲಿಕ್ಕೆ. ಇನ್ನೊಂದು ಹೊರಗೆ, ಮಾಡಿನ (ಛಾವಣಿಯ) ಅಡಿಗೆ, ಏಣಿ ಇಲ್ಲದೆ ಕೈಗೆ ಸಿಗದಷ್ಟು ಎತ್ತರಕ್ಕೆ, ಹತ್ತಿರದ ಮನೆ ಯಾವ ಕಡೆ ಉಂಟೋ ಆ ಕಡೆಗೆ ಮುಖ ಮಾಡಿ. ಕೂರಿಸಿದ ದಿನ ಅಕ್ಕಪಕ್ಕದವರನ್ನು ಕರೆದು ಒಮ್ಮೆ ಬಾರಿಸಿ ಕೇಳಿಸಿ, ಚಹಾ ಕೊಟ್ಟು ಕಳಿಸಿ. ಒಳಗೆ ನುಗ್ಗಬೇಡಿ, ನಿಮ್ಮ ಹೊರಗಿನ ಲೈಟೆಲ್ಲ ಹಾಕಿ, ಬೊಬ್ಬೆ ಹೊಡೆಯಿರಿ, 112ಕ್ಕೆ ಫೋನ್ ಮಾಡಿ ಅಂತ ಹೇಳಿಡಿ. ಒಬ್ಬರೇ ಕತ್ತಿ ಹಿಡಿದು ಹೋಗುವ ಧೈರ್ಯವಂತರು ಎಲ್ಲ ಊರಿನಲ್ಲೂ ಇದ್ದಾರೆ, ಅವರಿಗೆ ಇನ್ನೊಮ್ಮೆ ಹೇಳಿ.

ಪ್ಯಾನೆಲ್‌ಗೆ ಫೋನ್ ನಂಬರ್ ಹಾಕುವಾಗಲೂ ಹೀಗೆ. ಪ್ಯಾನೆಲ್ ಅಂದರೆ ಸೆನ್ಸರ್‌ಗಳ ಸುದ್ದಿ ಕೇಳಿ ಸೈರನ್ ಬಾರಿಸುವ, ಫೋನ್ ಮಾಡುವ ಮುಖ್ಯ ಡಬ್ಬಿ. ಹೆಚ್ಚಿನವರು ಮೊದಲ ನಂಬರ್ ಅಂತ ದುಬೈಯಲ್ಲಿರುವ ಮಗನದ್ದು ಹಾಕುತ್ತಾರೆ. ಅವನು ಅಲ್ಲಿ ಕೂತು ಎಂತ ಮಾಡುತ್ತಾನೆ, ನನಗೇ ಫೋನ್ ಮಾಡುತ್ತಾನೆ. ಪ್ಯಾನೆಲ್ ಒಂದೊಂದೇ ನಂಬರ್‌ಗೆ ಸರದಿಯಲ್ಲಿ ಕರೆ ಮಾಡುತ್ತದೆ, ಹಾಗಾಗಿ ಮೊದಲನೆಯದು ನಡೆದು ಬರುವಷ್ಟು ಹತ್ತಿರ ಇರುವವರದ್ದೇ ಆಗಬೇಕು. ಮಗ, ಮಗಳು, ಅಳಿಯ ಎಲ್ಲ ಆಮೇಲೆ.

ಈಗ ಕರೆ ಮಾಡಲಿಕ್ಕೆ ಪ್ಯಾನೆಲ್ಲಿನ ಒಳಗೆ ಹಾಕುವ ಸಿಮ್ಮಿನ ವಿಷಯ. ಇಲ್ಲಿ ಜನ ಮೋಸ ಹೋಗುವುದು ಜಾಸ್ತಿ. ಕಡಿಮೆ ಬೆಲೆಯ ತುಂಬಾ ಪ್ಯಾನೆಲ್‌ಗಳ ಒಳಗಿರುವುದು ಹಳೆ 2ಜಿ ನೆಟ್‌ವರ್ಕ್ ಮಾತ್ರ ಹಿಡಿಯುವ ಮಾಡ್ಯೂಲ್. ಡಬ್ಬದ ಮೇಲೆ ದೊಡ್ಡದಾಗಿ, ಮೊಬೈಲ್ ಸಿಮ್ಮಿನದ್ದು ಅನ್ನುವ ಅರ್ಥದಲ್ಲಿ, ಜಿಎಸ್‌ಎಂ ಅಂತ ಇರುತ್ತದೆ, 2ಜಿಯೋ 4ಜಿಯೋ ಅಂತ ಎಲ್ಲೋ ಮೂಲೆಯಲ್ಲಿ ಸಣ್ಣಕ್ಕೆ, ಕೆಲವದರಲ್ಲಿ ಅದೂ ಇಲ್ಲ. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ, ಅದರ ಸಿಮ್ ಇಂಥ ಪ್ಯಾನೆಲ್‌ಗೆ ಹಾಕಿದರೆ ಸುಮ್ನೆ ಕೂತಿರುತ್ತದೆ. ನನ್ನ ಭಾವನ ಮನೆಯಲ್ಲಿ ಆದದ್ದು ಇದೇ. ಸಾಮಾನು ಮಾರಿದವನು "ಯಾವ ಸಿಮ್ ಆದರೂ ಆಗುತ್ತದೆ ಸಾರ್" ಅಂತ ಹೇಳಿ ಕಳಿಸಿದ್ದ. ಒಂದು ಕರೆಯೂ ಹೋಗುತ್ತಿರಲಿಲ್ಲ. ಈಗ ಹೊಸತು ತೆಗೆದುಕೊಳ್ಳುವವರು 4ಜಿ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ನಾಲ್ಕು ಕಾಸು ಜಾಸ್ತಿ ಆದರೂ ಅಡ್ಡಿಲ್ಲ.

ಸಿಮ್ ಹಾಕಿದರೆ ಮುಗಿಯಲಿಲ್ಲ. ಪ್ಯಾನೆಲ್ ಇಡುವ ಜಾಗದಲ್ಲಿ ಆ ಕಂಪನಿಯ ನೆಟ್‌ವರ್ಕ್ ಸಿಗುತ್ತದಾ ಅಂತ ಮೊದಲು ನಿಮ್ಮ ಮೊಬೈಲಿಗೆ ಹಾಕಿ ನೋಡಿ. ಅಂಗಳದಲ್ಲಿ ಮೂರು ಕಡ್ಡಿ ಇರುತ್ತದೆ, ಒಳಕೋಣೆಯಲ್ಲಿ ಒಂದೂ ಇರುವುದಿಲ್ಲ, ನಮ್ಮ ಹಳೆ ಮನೆಗಳ ಗೋಡೆ ಹಾಗೆ. ಸಿಮ್ಮಿಗೆ ಪಿನ್ ಲಾಕ್ ಇದ್ದರೆ ತೆಗೆದುಬಿಡಿ. ಇನ್ನು ರೀಚಾರ್ಜ್! ವ್ಯಾಲಿಡಿಟಿ ಮುಗಿದರೆ ಹೊರಗೆ ಕರೆ ಹೋಗುವುದಿಲ್ಲ, ಪ್ಯಾನೆಲ್ ಪಾಪ ಹೇಗೆ ಹೇಳೀತು. ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಹೇಳಿದ ಮೇಲೆ 2025ರ ಜನವರಿಯಿಂದ ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್‌ಗಳನ್ನು ಕಂಪನಿಗಳು ಕೊಡುತ್ತಿವೆ, ವರ್ಷದ್ದೂ ಉಂಟು. ಅಲಾರಂಗೆ ಅದು ಸಾಕು. ವರ್ಷಕ್ಕೊಮ್ಮೆ, ಚೌತಿಗೋ ದೀಪಾವಳಿಗೋ ಹಾಕುವುದು ಅಂತ ಇಟ್ಟುಕೊಂಡರೆ ನೆನಪಿರುತ್ತದೆ.

ವೈಫೈ ಮಾತ್ರ ಇರುವ ಅಲಾರಂ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯ ಇಲ್ಲ. ಮಂಗಳೂರಿನ ಫ್ಲ್ಯಾಟಿಗೆ ಆದೀತು. ನಮ್ಮ ಹಳ್ಳಿ ಕಡೆಗೆ? ಒಂದು ತೆಂಗಿನ ಮಡಲು ಬಿದ್ದರೆ ಫೈಬರ್ ಕೇಬಲ್ ಹೋಯಿತು, ಸರಿಮಾಡುವವರು ಬರಲಿಕ್ಕೆ ಎರಡು ದಿನ. ಮೆಸ್ಕಾಂ ಕರೆಂಟ್ ಹೋದರೆ ರೌಟರ್ ಹೋಯಿತು. ಮಳೆಗಾಲದ ರಾತ್ರಿ ಇವೆರಡೂ ಒಟ್ಟಿಗೇ ಹೋಗುತ್ತವೆ, ಕಳ್ಳನಿಗೆ ಅನುಕೂಲವಾದ ರಾತ್ರಿಯೂ ಅದೇ. ವೈಫೈ ಬೇಕೆಂದವರು ವೈಫೈ ಮತ್ತು ಸಿಮ್ ಎರಡೂ ಇರುವುದನ್ನು ತೆಗೆದುಕೊಳ್ಳಲಿ. ಮತ್ತೊಂದು, ಇಂಥ ಸಾಮಾನುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ರೌಟರ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಇಡೀ ಸಂಜೆ ಕೂತರೂ ಕನೆಕ್ಟ್ ಆಗುವುದಿಲ್ಲ, ಸಾಮಾನು ಹಾಳು ಅಂತ ವಾಪಸ್ ಕಳಿಸಬೇಡಿ. ಇಂಟರ್ನೆಟ್ ತೆಗೆದುಬಿಟ್ಟರೂ ಸೈರನ್ ಕೂಗುತ್ತದಾ ಅಂತ ರೌಟರ್ ಆಫ್ ಮಾಡಿ ನೋಡಿ. ಕೂಗದಿದ್ದರೆ ಆಗ ವಾಪಸ್ ಕಳಿಸಿ.

ಬ್ಯಾಟರಿ ಒಳಗೆ ಉಂಟು ಅಂತ ಎಲ್ಲ ಕಿಟ್ಟಿನವರೂ ಹೇಳುತ್ತಾರೆ. ಎಷ್ಟು ಹೊತ್ತಿಗೆ? ಸಣ್ಣ ಪ್ಯಾನೆಲ್‌ನೊಳಗಿನ ಲಿಥಿಯಂ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಅಷ್ಟೆ. ಗಾಳಿಮಳೆಗೆ ಕಂಬ ಬಿದ್ದರೆ ನಮ್ಮಲ್ಲಿ ಕರೆಂಟ್ ಬರಲಿಕ್ಕೆ ಅದು ಸಾಲದು. ಬೀಗ ಹಾಕಿದ ಮನೆಗಾದರೆ 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಲ್ಡ್ ಬ್ಯಾಟರಿ ಹಾಕಲಿಕ್ಕೆ ಆಗುವ ಪ್ಯಾನೆಲ್ಲೇ ಒಳ್ಳೆಯದು. ಪ್ಯಾನೆಲ್ 100 ಮಿಲಿಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ ಲೆಕ್ಕಕ್ಕೆ 70 ಗಂಟೆ, ಹಳತಾದ ಬ್ಯಾಟರಿಗೆ ಅದರ ಅರ್ಧ ಅಂತ ಹಿಡಿಯಿರಿ. ನಮ್ಮ ಸೆಕೆಗೆ ಮೂರು ವರ್ಷದ ಮೇಲೆ ಆ ಬ್ಯಾಟರಿಯನ್ನು ನಂಬಬೇಡಿ. ಏಪ್ರಿಲ್ ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನ ಹೊತ್ತಿಗೆ, ಗುಡುಗು ಮಿಂಚಿಗೆ ಎಷ್ಟು ಮನೆಯ ಟಿವಿ, ಮೋಡೆಮ್ ಸುಟ್ಟುಹೋಗುವುದಿಲ್ಲ ಹೇಳಿ. ಮಿಂಚು ಬಂದರೆ ಪ್ಲಗ್ ತೆಗೆದಿಡಿ ಅನ್ನುವ ನಮ್ಮ ಪದ್ಧತಿ ಅಲಾರಂಗೆ ಆಗುವುದಿಲ್ಲ, ಮನೆಯಲ್ಲಿ ಜನವೇ ಇಲ್ಲವಲ್ಲ! ಅರ್ಥಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ನಿಂದ ನೋಡಿಸಿ, ಕರೆಂಟ್ ಒಮ್ಮೆಲೇ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಒಂದು ಹಾಕಿ. ಈ ಒಂದು ಕೆಲಸ ನೀವೇ ಮಾಡಲಿಕ್ಕೆ ಹೋಗಬೇಡಿ.

ಇನ್ನು ಮನೆಗೆ ಸುತ್ತು ಬರುವ ಕೆಲಸ. ಸಂಜೆ ಹೊತ್ತಿಗೆ, ಬಾಗಿಲೆಲ್ಲ ಹಾಕಿ, ಹೊರಗಿನಿಂದ ಒಂದು ಸುತ್ತು. ಬೀಗದ ಕೈ ಒಳಗೆ ಮರೆತಿದ್ದೀರಿ, ಹೇಗಾದರೂ ಒಳಗೆ ಹೋಗಬೇಕು ಅಂತ ಗ್ರಹಿಸಿ. ಎಲ್ಲಿಂದ ಹೋಗುತ್ತೀರಿ? ನಾನು ಹೇಳುತ್ತೇನೆ, ಮುಂದಿನ ಹಲಸಿನ ಮರದ ಬಾಗಿಲಿನಿಂದ ಅಲ್ಲ. ಹಿಂದೆ ಬಾವಿಯ ಹತ್ತಿರ ಬಚ್ಚಲು ಕೋಣೆಯ ಬಾಗಿಲು ಇರುತ್ತದೆ, ಅಡಿ ಕೊಳೆತು ಕುಂಬಾಗಿರುತ್ತದೆ, ಒಳಗೆ ಸಣ್ಣ ಚಿಲಕ. ಅದರ ಪಕ್ಕದಲ್ಲಿ ಕಟ್ಟಿಗೆ ಕೊಟ್ಟಿಗೆ, ಕೊಟ್ಟಿಗೆಯ ಮಾಡಿಗೆ ಒರಗಿಸಿದ ಏಣಿ, ತೋಟದ ಕೆಲಸಕ್ಕೆ ಇಟ್ಟ ಹಾರೆ. ಕಳ್ಳ ಕೈ ಬೀಸಿಕೊಂಡು ಬಂದರೂ ಸಾಕು, ಆಯುಧ ನಾವೇ ಇಟ್ಟಿರುತ್ತೇವೆ. ಮೊದಲು ಏಣಿ, ಹಾರೆ ಒಳಗೆ ಹಾಕಿ ಬೀಗ ಹಾಕಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹಂಚಿನ ಮನೆಯಾದರೆ ಬಾಗಿಲು, ಕಿಟಕಿ ಎಲ್ಲಕ್ಕೂ ಸೆನ್ಸರ್ ಹಾಕಿ ಎಂತ ಪ್ರಯೋಜನ? ನಾಲ್ಕು ಹಂಚು ಸರಿಸಿದರೆ, ಒಂದೆರಡು ರೀಪು ಮುರಿದರೆ ಆಯಿತು. ಕಿಟ್ ಮಾಡಿದವರು ನೋಡಿದ್ದು ಕಾಂಕ್ರೀಟ್ ಮನೆ, ಅವರಿಗೆ ಮಾಡು ಅಂದರೆ ಗಟ್ಟಿ ಅಂತಲೇ ಲೆಕ್ಕ. ಮರದ ಮುಚ್ಚಿಗೆ ಇರುವ ಕೋಣೆ ಸ್ವಲ್ಪ ವಾಸಿ, ಇಲ್ಲದ ಕೋಣೆಗೆ ಒಳಗೆ ಚಲನೆ ಹಿಡಿಯುವ ಸೆನ್ಸರ್ ಬೇಕೇ ಬೇಕು. ಎಲ್ಲ ಕೋಣೆಗೂ ಬೇಡ. ಎಲ್ಲಿಂದ ಇಳಿದರೂ ಕಪಾಟಿನ ಕೋಣೆಗೆ ಹೋಗಲಿಕ್ಕೆ ಚಾವಡಿಯೋ ನಡುಕೋಣೆಯೋ ದಾಟಲೇಬೇಕಲ್ಲ, ಅಲ್ಲಿ ಒಂದು ಒಳ್ಳೆಯದು ಇಡಿ.

ಕಿಟಕಿಯ ಕತೆ ಬೇರೆ. 2024ರ ಜುಲೈಯಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ಚಡ್ಡಿ ಗ್ಯಾಂಗ್ ನುಗ್ಗಿದ್ದು ಎಲ್ಲರಿಗೂ ನೆನಪಿರಬಹುದು. ಕಿಟಕಿಯ ಗ್ರಿಲ್ ತುಂಡು ಮಾಡಿ ಒಳಗೆ ಬಂದದ್ದು, ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಅದೇ ದಿನ ಸಕಲೇಶಪುರದಲ್ಲಿ ಪೊಲೀಸರು ಹಿಡಿದರು, ಅದು ಬೇರೆ ಮಾತು. ನಾನು ಹೇಳುವುದು, ಮನೆಯಲ್ಲಿ ಜನ ಇರುವಾಗಲೇ ನುಗ್ಗುವವರೂ ಇದ್ದಾರೆ. ನಮ್ಮ ಸೆಕೆಗೆ ಕಿಟಕಿಯ ಬಾಗಿಲು ತೆರೆದೇ ಮಲಗುತ್ತೇವೆ. ತೆರೆದ ಕಿಟಕಿಗೆ ಅಯಸ್ಕಾಂತದ ಸೆನ್ಸರ್ ಏನೂ ಮಾಡುವುದಿಲ್ಲ, ಅದಕ್ಕೆ ಗೊತ್ತಾಗುವುದು ಬಾಗಿಲು ತೆಗೆದದ್ದು ಹಾಕಿದ್ದು ಮಾತ್ರ. ಗ್ರಿಲ್ಲಿಗೆ ಅಂಟಿಸುವ, ಗರಗಸ ಹಾಕಿದರೆ ಅದುರುವುದನ್ನು ಹಿಡಿಯುವ ಸೆನ್ಸರ್ ಸಿಗುತ್ತದೆ, ಒಬ್ಬರೇ ಇರುವ ಹಿರಿಯರ ಮನೆಗೆ ಅದನ್ನು ಹಾಕಿ. ಮತ್ತೆ ರಾತ್ರಿಯ ಮೋಡ್ ಇರುವ ಪ್ಯಾನೆಲ್ಲೇ ಬೇಕು, ಅಂದರೆ ಒಳಗಿನ ಚಲನೆಯ ಸೆನ್ಸರ್ ಬಂದ್, ಹೊರಗಿನ ಬಾಗಿಲು, ಕಿಟಕಿಯದ್ದು ಮಾತ್ರ ಚಾಲೂ. ಇಲ್ಲದಿದ್ದರೆ ದೊಡ್ಡಮ್ಮ ರಾತ್ರಿ ನೀರು ಕುಡಿಯಲಿಕ್ಕೆ ಎದ್ದರೂ ಊರೆಲ್ಲ ಎದ್ದೀತು. ಅವರ ಹಾಸಿಗೆಯ ಹತ್ತಿರ ಒಂದು ಗುಂಡಿ ಇಟ್ಟಿದ್ದೇನೆ, ಒತ್ತಿದರೆ ಸೈರನ್ ಕೂಗುತ್ತದೆ. ಇಡೀ ಕಿಟ್ಟಿನಲ್ಲಿ ಅವರಿಗೆ ಇಷ್ಟವಾದದ್ದು ಅದೊಂದೇ.

ಚಲನೆಯ ಸೆನ್ಸರ್ ಅಂದರೆ ಪಿಐಆರ್. ಅದು ಕ್ಯಾಮೆರಾ ಅಲ್ಲ, ಮೈಯ ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದದ್ದನ್ನು ನೋಡುತ್ತದೆ. ಅಡ್ಡ ಹೋದರೆ ಬೇಗ ಹಿಡಿಯುತ್ತದೆ, ನೇರ ಅದರ ಕಡೆಗೇ ನಡೆದು ಬಂದರೆ ತಡ. ಹಾಗಾಗಿ ಬಾಗಿಲಿಗೆ ಎದುರಾಗಿ ಇಡುವುದಕ್ಕಿಂತ ಮೂಲೆಯಲ್ಲಿ, ಏಳೆಂಟು ಅಡಿ ಎತ್ತರಕ್ಕೆ, ಬರುವವನು ಅದರ ಮುಂದೆ ಅಡ್ಡ ಹಾಯುವ ಹಾಗೆ ಇಡಿ. ಬಿಸಿಯ ವ್ಯತ್ಯಾಸದ ಮೇಲೆ ಇದರ ಕೆಲಸ ನಡೆಯುವುದು ಅಂದೆನಲ್ಲ, ಮೇ ತಿಂಗಳ ಮಧ್ಯಾಹ್ನ ಹಂಚಿನ ಅಡಿಯಲ್ಲಿ ಕೋಣೆಯೇ 34, 35 ಡಿಗ್ರಿ ಆದಾಗ ಮನುಷ್ಯನ ಮೈಗೂ ಗೋಡೆಗೂ ವ್ಯತ್ಯಾಸ ಇರುವುದಿಲ್ಲ. ಆಗ ದೂರದವರನ್ನು ಹಿಡಿಯುವ ಶಕ್ತಿ ಕಮ್ಮಿ ಆಗುತ್ತದೆ. ಸೆಕೆಗೆ ತಕ್ಕಂತೆ ತನ್ನನ್ನು ತಾನೇ ಸರಿಮಾಡಿಕೊಳ್ಳುವ ಸೆನ್ಸರ್ ಉಂಟು, ವಿವರದಲ್ಲಿ ಟೆಂಪರೇಚರ್ ಕಾಂಪೆನ್ಸೇಶನ್ ಅಂತ ಬರೆದಿರುತ್ತದೆ. ನಮ್ಮ ಕಡೆಗೆ ಅದೇ ಬೇಕು.

ಮತ್ತೆ ಹಲ್ಲಿ! ಇದರ ಬಗ್ಗೆ ಯಾವ ಕಿಟ್ಟಿನ ಪುಸ್ತಕದಲ್ಲೂ ನಾನು ನೋಡಿಲ್ಲ. ಸೆನ್ಸರ್‌ನ ಒಳಗೆ ಸಣ್ಣ ಲೈಟ್ ಇರುತ್ತದೆ, ಅದು ಮಿನುಗಿದರೆ ಹುಳ ಬರುತ್ತದೆ, ಹುಳ ಬಂದರೆ ಹಲ್ಲಿ ಬರುತ್ತದೆ. ದೂರದಲ್ಲಿ ಗೋಡೆಯ ಮೇಲೆ ಓಡುವ ಹಲ್ಲಿ ಲೆಕ್ಕಕ್ಕಿಲ್ಲ. ಆದರೆ ಲೆನ್ಸಿನ ಮೇಲೆಯೇ ಹೊಟ್ಟೆ ಊರಿ ಸರಿದರೆ ಸೆನ್ಸರಿಗೆ ಅದು ಇಡೀ ಕೋಣೆ ತುಂಬುವಷ್ಟು ದೊಡ್ಡದು. ರಾತ್ರಿ ಎರಡು ಗಂಟೆಗೆ ನಾನು ಓಡಿ ಹೋದದ್ದರಲ್ಲಿ ಹೆಚ್ಚಿನದು ಹಲ್ಲಿಯ ಕೆಲಸ. ಬಾಗಿಲು ತೆಗೆದು ಟಾರ್ಚ್ ಬಿಟ್ಟರೆ ಡಬ್ಬಿಯ ಅಡಿಯಿಂದ ಬಾಲ ಮಾತ್ರ ಕಾಣುತ್ತದೆ. ಉಪಾಯ ಇಷ್ಟೆ. ಆ ಲೈಟನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಿ, ಟ್ಯೂಬ್‌ಲೈಟಿನ ಹತ್ತಿರ ಸೆನ್ಸರ್ ಇಡಬೇಡಿ, ಗೋಡೆಗೂ ಸೆನ್ಸರಿಗೂ ಮಧ್ಯೆ ಇರುವ ಸಂದಿಯನ್ನು, ವಯರ್ ಹೋಗುವ ತೂತನ್ನು ಸಿಲಿಕೋನ್ ಅಂಟು ಹಾಕಿ ಮುಚ್ಚಿ. ಇರುವೆ ಗೂಡು ಕಟ್ಟುವುದೂ ತಪ್ಪುತ್ತದೆ. ದೇವರ ಕೋಣೆಯ ನಂದಾದೀಪ, ಬಿಸಿಲು ಬೀಳುವ ಕಿಟಕಿ, ಫ್ಯಾನ್ ಗಾಳಿಗೆ ಹಾರುವ ಪರದೆ ಇವು ಸೆನ್ಸರ್‌ನ ಎದುರಿಗೆ ಬೇಡ. ಬೆಕ್ಕು ಇರುವ ಮನೆಯವರು ಪೆಟ್ ಇಮ್ಯೂನ್, ಅಂದರೆ ಸಾಕುಪ್ರಾಣಿಗೆ ಕೂಗದ್ದು ಅಂತ ತರುತ್ತಾರೆ, ಬೆಕ್ಕು ಕಪಾಟಿನ ಮೇಲೆ ಹಾರಿದರೆ ಆ ಇಮ್ಯೂನ್ ಎಲ್ಲ ಹೋಯಿತು.

ಸುಳ್ಳು ಅಲಾರಂ ಸಣ್ಣ ವಿಷಯ ಅಲ್ಲ. ಎರಡು ಮೂರು ಸಲ ಸುಮ್ನೆ ಕೂಗಿದರೆ ನಾಲ್ಕನೆಯ ಸಲ ಯಾರೂ ಎದ್ದು ಬರುವುದಿಲ್ಲ, ಹುಲಿ ಬಂತು ಹುಲಿ ಕತೆಯೇ. ಅದಕ್ಕೆ ಸೈರನ್ ಮೂರು ನಾಲ್ಕು ನಿಮಿಷಕ್ಕೆ ತನ್ನಿಂದ ತಾನೇ ನಿಲ್ಲುವ ಹಾಗೆ ಇಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬೆಲ್. ಕಳ್ಳ ಬಂದಾಗ ಕೂಗಿದ್ದಕ್ಕೆ ಯಾರೂ ದೂರು ಕೊಡುವುದಿಲ್ಲ, ಹಲ್ಲಿಗೆ ಇಡೀ ರಾತ್ರಿ ಕೂಗಿದರೆ ಕೊಟ್ಟಾರು.

ಬಾಗಿಲಿನ ಸೆನ್ಸರ್ ಸುಲಭದ್ದು. ಒಂದು ಕಡೆ ಅಯಸ್ಕಾಂತ, ಇನ್ನೊಂದು ಕಡೆ ಸಣ್ಣ ಗಾಜಿನ ಕೊಳವೆಯೊಳಗೆ ರೀಡ್ ಸ್ವಿಚ್, ಎರಡೂ ದೂರ ಆದರೆ ಗೊತ್ತಾಗುತ್ತದೆ. ತೊಂದರೆ ಮಳೆಗಾಲದಲ್ಲಿ. ಆಟಿ ತಿಂಗಳಲ್ಲಿ ಮರದ ಬಾಗಿಲು ಉಬ್ಬುತ್ತದೆ, ಪೂರ್ತಿ ಕೂರುವುದಿಲ್ಲ, ಬೇಸಿಗೆಯಲ್ಲಿ ಸರಿಯಾಗಿ ಒಂದಕ್ಕೊಂದು ತಾಗುವ ಹಾಗೆ ಇಟ್ಟದ್ದು ಆಗ ದೂರ ಹೋಗುತ್ತದೆ, ಪ್ಯಾನೆಲ್ "ಬಾಗಿಲು ತೆರೆದಿದೆ" ಅಂತ ಹಟ ಹಿಡಿಯುತ್ತದೆ. ಒಂದೆರಡು ಸೆಂಟಿಮೀಟರ್ ಅಂತರ ಆದರೂ ತಡೆಯುವ ಸೆನ್ಸರ್ ತೆಗೆದುಕೊಳ್ಳಿ. ಕಬ್ಬಿಣದ ಗೇಟು, ಶಟರಿಗೆ ಮಾಮೂಲಿಯದ್ದು ಆಗುವುದಿಲ್ಲ, ಕಬ್ಬಿಣ ಅಯಸ್ಕಾಂತದ ಬಲವನ್ನು ಎಳೆದುಕೊಳ್ಳುತ್ತದೆ, ಶಟರಿಗೆಂದೇ ಇರುವ ದೊಡ್ಡದು ಬೇಕು. ಕಿಟ್ಟಿನೊಟ್ಟಿಗೆ ಬರುವ ಎರಡು ಬದಿಯ ಟೇಪನ್ನು ನಂಬಬೇಡಿ. ಸುಣ್ಣದ ಗೋಡೆಗೆ, ಡಿಸ್ಟೆಂಪರಿಗೆ ಅದು ಜೂನ್ ದಾಟುವುದಿಲ್ಲ. ಎರಡು ಸ್ಕ್ರೂ ಹಾಕಿ, ಸ್ಟೀಲಿನದ್ದೇ. ಕಾಪು, ಮಲ್ಪೆ ಕಡೆ ಕಡಲಿನ ಹತ್ತಿರ ಇರುವವರಿಗೆ ಉಪ್ಪುಗಾಳಿಯ ಬಗ್ಗೆ ನಾನು ಹೇಳಬೇಕಾಗಿಲ್ಲ.

ವಯರಿನದ್ದೋ ವಯರ್‌ಲೆಸ್ಸೋ ಅಂತ ಎಲ್ಲರೂ ಕೇಳುತ್ತಾರೆ. ಹೊಸ ಮನೆ ಕಟ್ಟುತ್ತಿದ್ದರೆ ಕಣ್ಣು ಮುಚ್ಚಿ ವಯರ್ ಎಳೆಯಿರಿ, ವಯರಿಂಗ್ ಮಾಡುವಾಗಲೇ ಬಾಗಿಲುಗಳಿಗೆ ಒಂದು ನಾಲ್ಕು ಕೋರ್ ಕೇಬಲ್ ಬಿಟ್ಟರೆ ಆಯಿತು, ಸೆನ್ಸರಿಗೆ ಬ್ಯಾಟರಿಯೇ ಬೇಡ. ಹಳೆ ಮನೆಗೆ ವಯರ್‌ಲೆಸ್ ಸುಲಭ. ಆದರೆ ಕಡಿಮೆ ಬೆಲೆಯ 433 ಮೆಗಾಹರ್ಟ್ಸ್ ಸೆನ್ಸರ್‌ಗಳು ಹೆಚ್ಚಾಗಿ ಒಂದೇ ದಿಕ್ಕಿನವು. ಅವು ಹೇಳುತ್ತವೆ, ಪ್ಯಾನೆಲ್ ಕೇಳುತ್ತದೆ, ಅಷ್ಟೆ. ಸೆನ್ಸರ್ ಸತ್ತರೆ ಪ್ಯಾನೆಲ್‌ಗೆ ಸುದ್ದಿಯೇ ಇಲ್ಲ. ಅವುಗಳ ರಿಮೋಟ್ ಪ್ರತಿ ಸಲ ಒಂದೇ ಕೋಡ್ ಕಳಿಸುವಂಥದ್ದಾದರೆ ಅದನ್ನು ನಕಲು ಮಾಡುವುದೂ ಸುಲಭ. ಎರಡು ದಿಕ್ಕಿನ ಮಾತುಕತೆ ಇರುವುದು, ರಿಮೋಟಿಗೆ ಪ್ರತಿ ಸಲ ಬದಲಾಗುವ ರೋಲಿಂಗ್ ಕೋಡ್ ಇರುವುದು ಸ್ವಲ್ಪ ದುಬಾರಿ, ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವವರು ಅದನ್ನೇ ತೆಗೆದುಕೊಳ್ಳುವುದು ಒಳ್ಳೆಯದು. "ಬಯಲಲ್ಲಿ 100 ಮೀಟರ್" ಅಂತ ಬರೆದದ್ದು ಮೂರು ಕೆಂಪುಕಲ್ಲಿನ ಗೋಡೆ ದಾಟುವಾಗ ಎಷ್ಟಾಗುತ್ತದೆ ಅಂತ ಅಂಟಿಸುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಮತ್ತೆ ದಯವಿಟ್ಟು 1234 ಅನ್ನುವ ಪಾಸ್‌ವರ್ಡ್ ಬದಲಿಸಿ. ನಾನು ನೋಡಿದ ಮನೆಗಳಲ್ಲಿ ಬದಲಿಸಿದವರು ಕಮ್ಮಿ.

ಫ್ಲ್ಯಾಟಿನವರಿಗೆ ಇಷ್ಟೆಲ್ಲ ಬೇಡ. ಒಂದೇ ಬಾಗಿಲು, ಎದುರಿಗೇ ನೆರೆಮನೆ. ಮುನ್ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುವ ಬ್ಯಾಟರಿಯ ಬಾಗಿಲು ಅಲಾರಂ ಕೂಡ ಅಲ್ಲಿ ಕೆಲಸ ಮಾಡುತ್ತದೆ. ಬಾಲ್ಕನಿ ಒಂದನ್ನು ಮರೆಯಬೇಡಿ.

ಕ್ಯಾಮೆರಾ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಕ್ಯಾಮೆರಾ ಆದದ್ದನ್ನು ಆಮೇಲೆ ತೋರಿಸುತ್ತದೆ, ಮುಖಕ್ಕೆ ಬಟ್ಟೆ ಕಟ್ಟಿದವನನ್ನು ತೋರಿಸಿ ಎಂತ ಮಾಡುವುದು? ಹೋಗುವಾಗ ಕ್ಯಾಮೆರಾದ್ದೆಲ್ಲ ರೆಕಾರ್ಡ್ ಆಗುವ ಡಿವಿಆರ್ ಡಬ್ಬಿಯನ್ನೇ ಹೊತ್ತುಕೊಂಡು ಹೋಗುವ ಬುದ್ಧಿವಂತರೂ ಇದ್ದಾರೆ. ಕೈಯಲ್ಲಿ ಇಷ್ಟೇ ದುಡ್ಡು ಅಂತಿದ್ದರೆ ಮೊದಲು ಹಿಂಬಾಗಿಲಿಗೆ ಒಂದು ಗಟ್ಟಿ ಅಗುಳಿ, ಆಮೇಲೆ ಹೊರಗಿನ ಸೈರನ್, ಬ್ಯಾಟರಿ, ಸಿಮ್ ಇರುವ ಪ್ಯಾನೆಲ್, ಮತ್ತೂ ಉಳಿದರೆ ಕ್ಯಾಮೆರಾ.

ಒಂದು ಅಪಾಯದ ವಿಷಯ ಹೇಳಲೇಬೇಕು. ಹಂದಿ ಬಾರದ ಹಾಗೆ ತೋಟಕ್ಕೆ ಕರೆಂಟ್ ಕೊಟ್ಟ ಹಾಗೆ ಕಿಟಕಿಯ ಗ್ರಿಲ್ಲಿಗೂ ಕೊಟ್ಟರೆ ಹೇಗೆ ಅಂತ ಒಬ್ಬರಲ್ಲ, ಹಲವರು ನನ್ನ ಹತ್ತಿರ ಕೇಳಿದ್ದಾರೆ. ತಮಾಷೆಗೆ ಕೇಳಿದ್ದಲ್ಲ. ಬೇಡ ಮಾರಾಯ್ರೆ. ಸಾಯುವುದು ಕಳ್ಳ ಆಗಿರಬೇಕೆಂದಿಲ್ಲ, ತೆಂಗಿನಕಾಯಿ ಕೊಯ್ಯಲಿಕ್ಕೆ ಬಂದವರು, ಚೆಂಡು ಹೆಕ್ಕಲಿಕ್ಕೆ ಬಂದ ಮಕ್ಕಳು. ಕಳ್ಳನೇ ಸತ್ತರೂ ಜೈಲಿಗೆ ಹೋಗುವುದು ಮನೆಯವರು.

ಈಗ ಪತ್ರಿಕೆಯ ಮೂಲಕ ಕೇಳಬೇಕಾದ್ದು. ಅಂಗಡಿಯವರೇ, ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ. 2ಜಿಯೋ 4ಜಿಯೋ, ಕರೆಂಟ್ ಹೋದರೆ ಎಷ್ಟು ಗಂಟೆ, ಇಂಟರ್ನೆಟ್ ಇಲ್ಲದೆ ಕೂಗುತ್ತದೋ ಇಲ್ಲವೋ, ಕನ್ನಡದಲ್ಲಿ ಮೂರು ಸಾಲು ಸಾಕು. ಈಗ ಒಳಗೆ ಬರುವ ಪುಸ್ತಕದ ಅಕ್ಷರ ಭೂತಗನ್ನಡಿಗೂ ಕಾಣುವುದಿಲ್ಲ, ಅದೂ ಇಂಗ್ಲಿಷು, ಕೆಲವದು ಚೀನೀ. ಒಂದು ಪ್ಯಾನೆಲ್, ಎರಡು ಸೆನ್ಸರ್ ಅಂಗಡಿಯ ಗೋಡೆಗೆ ಹಾಕಿಟ್ಟು ಬಂದವರಿಗೆ ಮುಟ್ಟಿ ನೋಡಲಿಕ್ಕೆ ಬಿಟ್ಟರೆ ನಿಮ್ಮದೇ ವ್ಯಾಪಾರ ಜಾಸ್ತಿಯಾದೀತು. ಪೊಲೀಸರಲ್ಲಿ ಒಂದು ವಿನಂತಿ. ಸೂಚನೆ ಕೊಡುವಾಗ ಅಲಾರಂ ಇಡಿ ಅಂತ ಹೇಳಿ ಬಿಡಬೇಡಿ, ಬೀಟಿಗೆ ಬರುವವರು ಬೀಗ ಹಾಕಿದ ಮನೆಯ ಅಕ್ಕಪಕ್ಕದವರಿಗೆ, ಆ ಸೈರನ್ ಕೇಳಿದರೆ ಏನು ಮಾಡಬೇಕು ಅಂತಲೂ ಒಂದು ಮಾತು ಹೇಳಿ ಹೋಗಲಿ. ಪಂಚಾಯತಿನವರು ಗ್ರಾಮಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು. ಸೈರನ್ ನಾನು ತರುತ್ತೇನೆ.

ಇಂತಿ,
ಬೀಗದ ಕೈಗಳ ಉಸ್ತುವಾರಿ, ಕಾಪು ತಾಲೂಕು

(ಯಾವ ಮನೆಯಲ್ಲಿ ಏನು ಉಂಟು ಅಂತೆಲ್ಲ ಬರೆದಿದ್ದೇನೆ, ಹಾಗಾಗಿ ಹೆಸರು, ಊರು, ಫೋನ್ ನಂಬರ್ ದಯವಿಟ್ಟು ಹಾಕಬೇಡಿ.)